ವಿಮಾನದ ಮೈಯೊಳಗಿನ ತಂತಿ: ಎಷ್ಟು ಹೋಗುತ್ತದೆ, ಎಷ್ಟು ಉಳಿಯುತ್ತದೆ?

ಪ್ರಶ್ನೆ: ನಾನು ತುಮಕೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಕೊನೆಯ ವರ್ಷದಲ್ಲಿದ್ದೇನೆ. ನನ್ನ ಅಕ್ಕ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ವಿಮಾನಗಳಿಗೆ ವೈರ್ ಹಾರ್ನೆಸ್, ಅಂದರೆ ತಂತಿಗಳ ಕಟ್ಟು, ತಯಾರಿಸುವ ಕೆಲಸ ಮಾಡುತ್ತಾಳೆ. ಮುಂದೆ ವಿಮಾನದೊಳಗಿನ ತಂತಿಗಳನ್ನೆಲ್ಲ ತೆಗೆದು ವೈರ್‌ಲೆಸ್ ಹಾಕುತ್ತಾರೆ ಎಂದು ಓದಿದೆ. ಪ್ರಯಾಣಿಕರ ಮೊಬೈಲನ್ನೇ ಫ್ಲೈಟ್ ಮೋಡ್‌ಗೆ ಹಾಕಿಸುವವರು ವಿಮಾನವನ್ನೇ ವೈರ್‌ಲೆಸ್ ಮೇಲೆ ನಡೆಸಲು ಹೇಗೆ ಒಪ್ಪುತ್ತಾರೆ? ಯಾರಾದರೂ ಸಿಗ್ನಲ್ ಕೆಡಿಸಿದರೆ ಗತಿಯೇನು? ಅಕ್ಕನ ಕೆಲಸ ಉಳಿಯುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ನಿಮ್ಮ ಮನೆಯವರ ಚಿಂತೆ ಇರುವುದು ಅಲ್ಲಿ. ಅಕ್ಕನ ಕೆಲಸ ಉಳಿಯುತ್ತದೆ. ಸಮಾಧಾನಕ್ಕೆಂದು ಈ ಮಾತು ಹೇಳುತ್ತಿಲ್ಲ. ವಿಮಾನ ನಿರ್ವಹಣೆಯ ಕೆಲಸದಲ್ಲಿ ಇಪ್ಪತ್ತೇಳು ವರ್ಷ, ಬಹುಪಾಲು ತಂತಿಗಳ ನಡುವೆಯೇ ಕಳೆದವನ ಲೆಕ್ಕಾಚಾರ ಇದು. ಕಾರಣಗಳನ್ನು ಮುಂದೆ ಬಿಡಿಸಿ ಹೇಳುತ್ತೇನೆ. ಹಾಗೆಂದು ವೈರ್‌ಲೆಸ್ ಬರುವುದೇ ಇಲ್ಲ ಎಂದುಕೊಳ್ಳಬೇಡಿ. ಬರುತ್ತದೆ, ಬರಬೇಕೆಂದು ಬಯಸುವವರಲ್ಲಿ ನಾನೂ ಒಬ್ಬ. ಪತ್ರಿಕೆಗಳು ಇದಕ್ಕೆ ಕೊಡುವ ಕಾರಣ ಸಾಮಾನ್ಯವಾಗಿ ತೂಕ. ನನ್ನ ಕಾರಣ ಬೇರೆ.

ಮೊದಲು ತೂಕವನ್ನೇ ನೋಡೋಣ. ಎರಡು ಅಂತಸ್ತಿನ ಏರ್‌ಬಸ್ ಎ380 ವಿಮಾನದಲ್ಲಿ ಸುಮಾರು ಒಂದು ಲಕ್ಷ ತಂತಿಗಳಿವೆ. ಒಂದರ ತುದಿಗೆ ಒಂದನ್ನು ಜೋಡಿಸಿದರೆ 500 ಕಿಲೋಮೀಟರಿನ ಆಸುಪಾಸು, ಅಂದರೆ ಬೆಂಗಳೂರಿನಿಂದ ಬೆಳಗಾವಿಯವರೆಗೆ. ತಂತಿಗಳ ತೂಕವೇ ಸುಮಾರು 5,700 ಕಿಲೋ. ಅವನ್ನು ವಿಮಾನದ ಮೈಗೆ ಕಚ್ಚಿಸಿ ನಿಲ್ಲಿಸುವ ಕ್ಲಾಂಪು, ಬ್ರಾಕೆಟ್ಟುಗಳಿಗೆ ಅದರ ಮೇಲೆ ಇನ್ನೂ ಶೇ. 30ರಷ್ಟು. ಕೇಳಲು ದೊಡ್ಡದಾಗಿದೆ. ಆದರೆ ಆ ವಿಮಾನ ಮೇಲೇಳುವಾಗಿನ ಗರಿಷ್ಠ ತೂಕ 560 ಟನ್‌ಗೂ ಹೆಚ್ಚು. ಲೆಕ್ಕ ಹಾಕಿದರೆ ತಂತಿಯ ಪಾಲು ನೂರಕ್ಕೆ ಒಂದೂವರೆಯೂ ಮುಟ್ಟುವುದಿಲ್ಲ. ಇನ್ನೊಂದು ವಿಷಯ. ವೈರ್‌ಲೆಸ್‌ಗೆ ಬದಲಾಯಿಸಬಹುದಾದ ತಂತಿಗಳು ಸುಮಾರು ಮೂರನೇ ಒಂದು ಭಾಗ ಎಂಬುದು ಈ ಕ್ಷೇತ್ರದವರ ಅಂದಾಜು. ಆ ಮೂರನೇ ಒಂದು ಭಾಗವೆಲ್ಲ ಸೆನ್ಸರುಗಳಿಂದ ಬರುವ ತೆಳು ತಂತಿ, ಮೀಟರಿಗೆ ಕೆಲವೇ ಗ್ರಾಂ. ನಿಜವಾದ ಭಾರ ಇರುವುದು ಜನರೇಟರಿನಿಂದ ಹೊರಡುವ ಹೆಬ್ಬೆರಳು ಗಾತ್ರದ ವಿದ್ಯುತ್ ಕೇಬಲ್ಲುಗಳಲ್ಲಿ. ಅವನ್ನು ಯಾವ ರೇಡಿಯೊ ಅಲೆಯೂ ತೆಗೆಯಲಾರದು. ಪಂಪಿಗೆ, ಮೋಟಾರಿಗೆ, ಅಡುಗೆ ಒಲೆಗೆ, ದೀಪಕ್ಕೆ ಕರೆಂಟು ಬೇಕು. ಕರೆಂಟು ತಂತಿಯಲ್ಲೇ ಹೋಗಬೇಕು.

ತೂಕ ಉಳಿಸಲು ಹೊರಟು ಹಿಂದಿರುಗಿದ ಒಂದು ನಿಜ ಪ್ರಸಂಗವೂ ಇದೆ. ಬೋಯಿಂಗ್ 787 ವಿಮಾನದಲ್ಲಿ ಪ್ರಯಾಣಿಕರ ಸೀಟಿನ ಟಿವಿಗಳಿಗೆ ಸಿನಿಮಾ, ಹಾಡುಗಳನ್ನೆಲ್ಲ ವೈರ್‌ಲೆಸ್ ಮೂಲಕವೇ ಕಳಿಸುವ ಯೋಜನೆ ಮೊದಲಿಗಿತ್ತು. 2007ರ ಜನವರಿಯಲ್ಲಿ ಕಂಪನಿ ಅದನ್ನು ಕೈಬಿಟ್ಟು ತಂತಿಗೇ ಮರಳಿತು. ಚಾವಣಿಯುದ್ದಕ್ಕೂ ಕೂರಿಸಬೇಕಾದ ಆಂಟೆನಾ, ಪೆಟ್ಟಿಗೆಗಳಿಗೂ ತೂಕವಿತ್ತು. ಅದಕ್ಕಿಂತ ದೊಡ್ಡ ತೊಡಕು ತರಂಗಾಂತರದ್ದು. ವಿಮಾನ ದೇಶದಿಂದ ದೇಶಕ್ಕೆ ಹಾರುತ್ತದೆ. ಒಂದು ದೇಶದಲ್ಲಿ ಮುಕ್ತವಾಗಿರುವ ತರಂಗಾಂತರಕ್ಕೆ ಇನ್ನೊಂದು ದೇಶದಲ್ಲಿ ಪರವಾನಗಿ ಬೇಕು.

ಹಾಗಾದರೆ ತಂತಿಯ ನಿಜವಾದ ಕಷ್ಟ ಏನು? ಮೊದಲನೆಯದು, ಅದನ್ನು ಕೂರಿಸುವುದು. ಎ380 ತಯಾರಿಕೆಯಲ್ಲೇ ಇದರ ಕಥೆಯಿದೆ. ಹ್ಯಾಂಬರ್ಗ್‌ನಲ್ಲಿ ತಯಾರಾದ ಹಾರ್ನೆಸ್‌ಗಳನ್ನು ಟುಲೂಸ್‌ನಲ್ಲಿ ವಿಮಾನದೊಳಗೆ ಎಳೆಯುವಾಗ ಹಲವು ಕಡೆ ತಂತಿ ಸಾಲದೆ ಬಂತು. ಜರ್ಮನಿ, ಸ್ಪೇನಿನ ಎಂಜಿನಿಯರುಗಳು ವಿನ್ಯಾಸ ತಂತ್ರಾಂಶದ ಹಳೆಯ ಆವೃತ್ತಿಯನ್ನು, ಫ್ರಾನ್ಸ್, ಬ್ರಿಟನ್ನಿನವರು ಹೊಸ ಆವೃತ್ತಿಯನ್ನು ಬಳಸಿದ್ದರು. ತಿರುವುಗಳಲ್ಲಿ ತಂತಿ ಬಳಸಿಕೊಂಡು ಹೋಗುವ ಉದ್ದದ ಲೆಕ್ಕ ಎರಡರ ನಡುವೆ ತಾಳೆಯಾಗಲಿಲ್ಲ. ವಿಮಾನ ಗ್ರಾಹಕರ ಕೈಸೇರುವುದು ಎರಡು ವರ್ಷದಷ್ಟು ತಡವಾಯಿತು. ಮೊದಲ ವಿಮಾನ ಸಿಂಗಪುರ ಏರ್‌ಲೈನ್ಸ್‌ಗೆ ಸಿಕ್ಕಿದ್ದು 2007ರ ಅಕ್ಟೋಬರಿನಲ್ಲಿ. ಎಂಜಿನ್ನೂ ಸರಿ, ರೆಕ್ಕೆಯೂ ಸರಿ, ಗೇಣುದ್ದ ತಂತಿ ಸಾಲದ್ದಕ್ಕೆ ಜಗತ್ತಿನ ಅತಿ ದೊಡ್ಡ ಪ್ರಯಾಣಿಕ ವಿಮಾನ ಕಾರ್ಖಾನೆಯಲ್ಲೇ ನಿಂತಿತ್ತು.

ಎರಡನೆಯದು, ಸವೆತ. ಇದನ್ನು ನಾನು ಕಣ್ಣಾರೆ ಕಂಡ ಒಂದು ಕೆಲಸದಿಂದಲೇ ಹೇಳುತ್ತೇನೆ. ಒಂದು ವಿಮಾನದ ಹಿಂಬದಿ ಸರಕು ಬಾಗಿಲಿನ ಸೆನ್ಸರು ಆಗಾಗ ಸುಳ್ಳು ಹೇಳುತ್ತಿತ್ತು. ಬಾಗಿಲು ಭದ್ರವಾಗಿ ಮುಚ್ಚಿದ್ದರೂ ಮೇಲೆ ಹಾರುವಾಗ ಕಾಕ್‌ಪಿಟ್‌ನಲ್ಲಿ ಎಚ್ಚರಿಕೆ ಮಿನುಗಿ ಮಾಯವಾಗುತ್ತಿತ್ತು. ನೆಲಕ್ಕಿಳಿದ ಮೇಲೆ ನೋಡಿದರೆ ಎಲ್ಲವೂ ಸರಿ. ಮೊದಲ ರಾತ್ರಿ ಸೆನ್ಸರು ಬದಲಾಯಿಸಿದೆವು. ಎರಡನೆಯ ರಾತ್ರಿ ಅದರ ಮಾತು ಕೇಳುವ ಮಾಡ್ಯೂಲನ್ನು ಬದಲಾಯಿಸಿದೆವು. ಮರುದಿನ ಮತ್ತೆ ಅದೇ ದೂರು. ಮೂರನೆಯ ರಾತ್ರಿ ಸರಕು ಕೋಣೆಯ ಒಳಪದರವನ್ನೆಲ್ಲ ಬಿಚ್ಚಿ, ಟಾರ್ಚು ಮತ್ತು ಉದ್ದ ಹಿಡಿಯ ಕನ್ನಡಿ ಹಿಡಿದು, ತಂತಿಗಳ ಕಟ್ಟನ್ನು ಅಂಗುಲ ಅಂಗುಲವಾಗಿ ನೋಡುತ್ತ ಹೋದೆವು. ಬೆಳಗಿನ ಜಾವ ಒಂದು ಕ್ಲಾಂಪಿನ ಕೆಳಗೆ ಸಿಕ್ಕಿತು. ಕ್ಲಾಂಪಿನ ರಬ್ಬರು ಸವೆದು, ಕಟ್ಟಿನ ಹೊರಬದಿಯ ಒಂದೇ ಒಂದು ತಂತಿ ಬ್ರಾಕೆಟ್ಟಿನ ಅಂಚಿಗೆ ಉಜ್ಜಿಕೊಂಡಿತ್ತು. ಎಳ್ಳಿನ ಕಾಳಿನಷ್ಟು ಜಾಗದಲ್ಲಿ ಕವಚ ಹೋಗಿ ತಾಮ್ರ ಹೊಳೆಯುತ್ತಿತ್ತು. ಮೇಲಿನ ಚಳಿಗೆ ವಿಮಾನದ ಮೈ ಸೆಟೆದಾಗ ಆ ಹೊಳಪು ಲೋಹಕ್ಕೆ ತಾಗುತ್ತಿತ್ತು, ಕೆಳಗಿನ ಬಿಸಿಲಿಗೆ ದೂರ ಸರಿಯುತ್ತಿತ್ತು. ಸರಿಪಡಿಸಲು ಹಿಡಿದದ್ದು ಹತ್ತೇ ನಿಮಿಷ. ಹುಡುಕಲು ಮೂರು ರಾತ್ರಿ.

ಅಂದು ಸಿಕ್ಕಿದ್ದು ಸುಳ್ಳು ಎಚ್ಚರಿಕೆ ಮಾತ್ರ. ಇದೇ ಜಾತಿಯ ದೋಷ ಬೇರೆ ಜಾಗದಲ್ಲಿ ಆದಾಗ ಜನ ಸತ್ತಿದ್ದಾರೆ. 1996ರ ಜುಲೈ 17ರಂದು ನ್ಯೂಯಾರ್ಕಿನಿಂದ ಹೊರಟ ಟಿಡಬ್ಲ್ಯೂಎ 800 ವಿಮಾನ ಲಾಂಗ್ ಐಲೆಂಡಿನ ಕಡಲ ಮೇಲೆ ಸಿಡಿದು 230 ಮಂದಿ ತೀರಿಕೊಂಡರು. ನಾಲ್ಕು ವರ್ಷ ತನಿಖೆ ನಡೆಸಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ನಡುವಿನ ಇಂಧನ ಟ್ಯಾಂಕಿನಲ್ಲಿ ತುಂಬಿದ್ದ ಆವಿ ಹೊತ್ತಿಕೊಂಡಿತು ಎಂದಿತು. ಕಿಡಿ ಎಲ್ಲಿಂದ ಬಂತು ಎಂಬುದು ಖಚಿತವಾಗಿ ಗೊತ್ತಾಗಲಿಲ್ಲ. ಟ್ಯಾಂಕಿನ ಹೊರಗೆ ಎಲ್ಲೋ ಶಾರ್ಟ್ ಸರ್ಕ್ಯೂಟ್ ಆಗಿ, ಇಂಧನದ ಮಟ್ಟ ಅಳೆಯುವ ತಂತಿಯ ಮೂಲಕ ಹೆಚ್ಚಿನ ವೋಲ್ಟೇಜ್ ಒಳಹೊಕ್ಕಿರುವ ಸಾಧ್ಯತೆಯೇ ಹೆಚ್ಚು ಎಂದು ಮಂಡಳಿ ಹೇಳಿತು. ಎರಡು ವರ್ಷದ ನಂತರ, 1998ರ ಸೆಪ್ಟೆಂಬರ್ 2ರಂದು, ಸ್ವಿಸ್ಏರ್ 111 ವಿಮಾನದ ಕಾಕ್‌ಪಿಟ್ ಚಾವಣಿಯ ಮೇಲೆ ತಂತಿಯಲ್ಲಿ ಎದ್ದ ಕಿಡಿ ಅಲ್ಲಿನ ಶಾಖನಿರೋಧಕ ಹೊದಿಕೆಗೆ ಹತ್ತಿ, ವಿಮಾನ ಕೆನಡಾದ ಕರಾವಳಿಯ ಬಳಿ ಸಮುದ್ರಕ್ಕೆ ಬಿತ್ತು. 229 ಮಂದಿ. ಈ ಎರಡು ಅಪಘಾತಗಳ ನಂತರವೇ ತಂತಿಯನ್ನು ಅಲ್ಲಿ ಇಲ್ಲಿ ಓಡುವ ಬಿಡಿಭಾಗ ಎಂದಲ್ಲದೆ, ತನ್ನದೇ ವಿನ್ಯಾಸ, ತಪಾಸಣೆ, ತರಬೇತಿ ಬೇಡುವ ಒಂದು ವ್ಯವಸ್ಥೆ ಎಂದು ನಿಯಮಗಳು ಕಾಣತೊಡಗಿದ್ದು. ನಮ್ಮ ವೃತ್ತಿಯವರಿಗೆ ಈ ಎರಡು ಸಂಖ್ಯೆಗಳು, 800 ಮತ್ತು 111, ಮರೆಯುವಂಥವಲ್ಲ.

ಈಗ ನನ್ನ ನಿಜವಾದ ಕಾರಣಕ್ಕೆ ಬರುತ್ತೇನೆ. 2010ರ ನವೆಂಬರ್ 4ರಂದು ಸಿಂಗಪುರದಿಂದ ಸಿಡ್ನಿಗೆ ಹೊರಟ ಕ್ವಾಂಟಾಸ್ 32 ವಿಮಾನದಲ್ಲಿ (ಅದೂ ಎ380) ಎಡರೆಕ್ಕೆಯ ಎರಡನೆಯ ಎಂಜಿನ್ನಿನ ಟರ್ಬೈನ್ ಚಕ್ರ ಒಡೆದು ಚೂರುಗಳು ರೆಕ್ಕೆಯನ್ನು ಸೀಳಿಕೊಂಡು ಹೋದವು. ಒಳಗಿದ್ದವರು 469 ಮಂದಿ. ಪೈಲಟ್‌ಗಳು ವಿಮಾನವನ್ನು ಸಿಂಗಪುರಕ್ಕೇ ಮರಳಿಸಿ ಸುರಕ್ಷಿತವಾಗಿ ಇಳಿಸಿದರು. ಆದರೆ ಇಳಿದ ಮೇಲೆ ಹೊಸ ಕಷ್ಟ ಎದುರಾಯಿತು. ಅದೇ ಬದಿಯ ಒಂದನೆಯ ಎಂಜಿನ್ ನಿಲ್ಲಲೇ ಇಲ್ಲ. ಸ್ವಿಚ್ ಒತ್ತಿದರು, ಬೆಂಕಿ ನಂದಿಸುವ ಹಿಡಿ ಎಳೆದರು, ಏನೂ ಆಗಲಿಲ್ಲ. ಚೂರುಗಳು ರೆಕ್ಕೆಯ ಅಂಚಿನಲ್ಲಿದ್ದ ನೂರಾರು ತಂತಿಗಳನ್ನು ಕತ್ತರಿಸಿದ್ದವು, ಆಜ್ಞೆ ಎಂಜಿನ್ನಿಗೆ ತಲುಪುತ್ತಲೇ ಇರಲಿಲ್ಲ. ರೆಕ್ಕೆಯಿಂದ ಇಂಧನ ಸೋರುತ್ತಿತ್ತು, ಬ್ರೇಕುಗಳು ಕಾದು ಕೆಂಡವಾಗಿದ್ದವು. ಅಗ್ನಿಶಾಮಕ ಸಿಬ್ಬಂದಿ ಎರಡು ಗಂಟೆಗೂ ಹೆಚ್ಚು ಹೊತ್ತು ಹೆಣಗಿ, ಎಂಜಿನ್ನಿನ ಬಾಯಿಗೆ ನೀರು, ನೊರೆ ಸುರಿದು ಅದನ್ನು ನಿಲ್ಲಿಸಿದರು.

ಮುಖ್ಯವಾದ ಆಜ್ಞೆಗೆ ಎರಡು ತಂತಿ ಎಳೆಯುವುದು ವಿಮಾನಗಳಲ್ಲಿ ರೂಢಿ. ಸಾಧ್ಯವಾದಷ್ಟು ದೂರ ದೂರ ಎಳೆಯುತ್ತಾರೆ, ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಆದರೆ ರೆಕ್ಕೆಯಂಥ ಕಿರಿದಾದ ಜಾಗದಲ್ಲಿ ದೂರಕ್ಕೆ ಮಿತಿಯಿದೆ. ಕತ್ತರಿಸುವ ಚೂರಿಗೆ ಎರಡೂ ತಂತಿಗಳು ಒಂದೇ. ರೇಡಿಯೊ ಅಲೆ ಬೇರೆ ಜಾತಿಯ ದಾರಿ. ಲೋಹದ ಚೂರು ಅದನ್ನು ತುಂಡರಿಸಲಾರದು. ಬರೀ ರೇಡಿಯೊ ಇದ್ದಿದ್ದರೆ ಆ ಎಂಜಿನ್ ನಿಲ್ಲುತ್ತಿತ್ತು ಎನ್ನುವಂತಿಲ್ಲ, ಇಂಧನ ಮುಚ್ಚುವ ವಾಲ್ವಿಗೆ ಆಜ್ಞೆಯ ಜೊತೆ ವಿದ್ಯುತ್ತೂ ಸಿಗಬೇಕು. ಆದರೂ ತಂತಿ ಕೆಟ್ಟ ರೀತಿಯಲ್ಲೇ ಕೆಡದ ಇನ್ನೊಂದು ದಾರಿ ಇರಬೇಕು ಎಂಬ ಪಾಠ ಅಲ್ಲಿತ್ತು. ತಂತಿಯನ್ನು ಕಿತ್ತೊಗೆಯಲು ವೈರ್‌ಲೆಸ್ ಬೇಕು ಎಂದು ನನಗೆ ಅನಿಸುವುದಿಲ್ಲ. ತಂತಿಯ ಪಕ್ಕದಲ್ಲಿ ಎರಡನೆಯ ಸಾಕ್ಷಿಯಾಗಿ ನಿಲ್ಲಲು ಅದು ಬೇಕು. ತಂತಿ ಒಂದು ಹೇಳಿ ರೇಡಿಯೊ ಇನ್ನೊಂದು ಹೇಳಿದರೆ ಎಲ್ಲೋ ದೋಷವಿದೆ ಎಂದು ಆ ಕ್ಷಣದಲ್ಲೇ ಗೊತ್ತಾಗುತ್ತದೆ. ನಮ್ಮ ಸರಕು ಬಾಗಿಲಿನ ಮೂರು ರಾತ್ರಿ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು.

ನಿಮ್ಮ ಮೊಬೈಲ್ ಪ್ರಶ್ನೆ ಬಹಳ ಒಳ್ಳೆಯದು, ಅದಕ್ಕೆ ತುಸು ನಿಧಾನವಾಗಿ ಉತ್ತರಿಸಬೇಕು. ಮೊಬೈಲನ್ನು ಬೇಡವೆನ್ನುವುದು ರೇಡಿಯೊ ಎಂಬ ಕಾರಣಕ್ಕಲ್ಲ. ವಿಮಾನದಲ್ಲಿ ರೇಡಿಯೊ ಉಪಕರಣಗಳು ಮೊದಲಿನಿಂದಲೂ ತುಂಬಿವೆ. ಯಾವುದು, ಯಾವ ತರಂಗಾಂತರದಲ್ಲಿ, ಎಷ್ಟು ಶಕ್ತಿಯಲ್ಲಿ ಮಾತಾಡುತ್ತದೆ ಎಂಬುದು ಅಳೆದು ಪ್ರಮಾಣೀಕರಿಸಿದ್ದಾಗಿರಬೇಕು ಅಷ್ಟೆ. ನೂರಾರು ಕಂಪನಿಗಳ, ಬಿದ್ದು ಎದ್ದು ರಿಪೇರಿಯಾದ ಮೊಬೈಲುಗಳಿಗೆ ಆ ಪ್ರಮಾಣಪತ್ರ ಯಾರೂ ಕೊಟ್ಟಿಲ್ಲ.

ವಿಮಾನದೊಳಗಿನ ವೈರ್‌ಲೆಸ್‌ಗೆ ಹಾಗೆ ಅಳೆದ, ಕಾಯ್ದಿರಿಸಿದ ಜಾಗ ಬೇಕಿತ್ತು. ವೈಫೈ ಓಡುವ 2.4 ಗಿಗಾಹರ್ಟ್ಸ್ ಯಾರು ಬೇಕಾದರೂ ಬಳಸುವ ಸಂತೆ. ಅಲ್ಲಿ ಅಡ್ಡಿಯಾದರೆ ದೂರು ಕೊಡುವ ಹಕ್ಕೂ ಇಲ್ಲ. ಅಮೆರಿಕದ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ನೆಲೆಯಿರುವ, ವಿಮಾನ ತಯಾರಕರೇ ಸದಸ್ಯರಾಗಿರುವ ಎವಿಎಸ್‌ಐ ಎಂಬ ಸಂಸ್ಥೆ ವರ್ಷಗಟ್ಟಲೆ ಅಧ್ಯಯನ ಮಾಡಿ ವಾದ ಮಂಡಿಸಿತು. ಕೊನೆಗೆ 2015ರ ನವೆಂಬರಿನಲ್ಲಿ ಜಿನೀವಾದಲ್ಲಿ ನಡೆದ ವಿಶ್ವ ರೇಡಿಯೊ ಸಮ್ಮೇಳನ 4,200ರಿಂದ 4,400 ಮೆಗಾಹರ್ಟ್ಸ್ ವರೆಗಿನ ತರಂಗಾಂತರ ಪಟ್ಟಿಯನ್ನು ಇದಕ್ಕೆ ಒಪ್ಪಿಸಿತು. ಈ ವ್ಯವಸ್ಥೆಯನ್ನು ಡಬ್ಲ್ಯೂಎಐಸಿ ಎನ್ನುತ್ತಾರೆ. ಇದು ವಿಮಾನದ ಒಂದು ಭಾಗ ಅದೇ ವಿಮಾನದ ಇನ್ನೊಂದು ಭಾಗದೊಡನೆ, ಸುರಕ್ಷತೆಗೆ ಸಂಬಂಧಿಸಿದ ವಿಷಯವನ್ನಷ್ಟೇ ಮಾತಾಡಲು. ನೆಲದೊಡನೆ, ಉಪಗ್ರಹದೊಡನೆ, ಬೇರೆ ವಿಮಾನದೊಡನೆ ಮಾತಾಡುವಂತಿಲ್ಲ. ಪ್ರಯಾಣಿಕರ ಸಿನಿಮಾಕ್ಕೂ ಬಳಸುವಂತಿಲ್ಲ. ಶಕ್ತಿ ಹತ್ತಾರು ಮಿಲಿವ್ಯಾಟ್ ಮಾತ್ರ. 787ಕ್ಕೆ 2007ರಲ್ಲಿ ಸಿಗದಿದ್ದದ್ದು, ಅಂದರೆ ಎಲ್ಲ ದೇಶಗಳೂ ಒಪ್ಪಿದ ಒಂದೇ ಜಾಗ, ಹೀಗೆ ಸಿಕ್ಕಿತು.

ಆ ಜಾಗ ಖಾಲಿಯಿರಲಿಲ್ಲ ಎಂಬುದು ಇದರ ರೋಚಕ ಭಾಗ. ಅಲ್ಲಿ ದಶಕಗಳಿಂದ ರೇಡಿಯೊ ಆಲ್ಟಿಮೀಟರ್ ವಾಸವಾಗಿದೆ. ವಿಮಾನದ ಹೊಟ್ಟೆಯಿಂದ ನೆಲಕ್ಕೆ ಅಲೆ ಕಳಿಸಿ, ಮರಳಿ ಬರುವುದನ್ನು ಕೇಳಿ, ನೆಲ ಎಷ್ಟು ಅಡಿ ಕೆಳಗಿದೆ ಎಂದು ಹೇಳುವ ಉಪಕರಣ ಅದು. ಮಂಜಿನಲ್ಲಿ ವಿಮಾನ ತಾನಾಗಿ ಇಳಿಯುವಾಗ ಎಲ್ಲರೂ ನಂಬುವುದು ಅದನ್ನು. ಅದು ತಪ್ಪಿದರೆ ಏನಾಗುತ್ತದೆ ಎಂದು 2009ರ ಫೆಬ್ರುವರಿ 25ರಂದು ಆಮ್‌ಸ್ಟರ್‌ಡ್ಯಾಂ ಬಳಿ ಟರ್ಕಿಷ್ ಏರ್‌ಲೈನ್ಸ್ 1951 ವಿಮಾನದಲ್ಲಿ ಜಗತ್ತು ನೋಡಿದೆ. ಎಡಬದಿಯ ಆಲ್ಟಿಮೀಟರ್ ಆಕಾಶದಲ್ಲಿದ್ದಾಗಲೇ ಮೈನಸ್ 8 ಅಡಿ ಎಂದು ತೋರಿಸಿತು. ವಿಮಾನ ನೆಲ ಮುಟ್ಟುತ್ತಿದೆ ಎಂದುಕೊಂಡ ಸ್ವಯಂಚಾಲಿತ ವ್ಯವಸ್ಥೆ ಎಂಜಿನ್ನುಗಳನ್ನು ತಗ್ಗಿಸಿತು. ವೇಗ ಕುಸಿಯುತ್ತಿದ್ದದ್ದು ಸಕಾಲಕ್ಕೆ ಗಮನಕ್ಕೆ ಬರಲಿಲ್ಲ. ಒಂಬತ್ತು ಮಂದಿ ಸತ್ತರು.

ಇಂಥ ಉಪಕರಣದ ಮನೆಗೆ ಹೊಸಬರನ್ನು ಬಿಡುವಾಗ ಷರತ್ತು ಬಿಗಿಯಾಗಿಯೇ ಇದೆ. ಡಬ್ಲ್ಯೂಎಐಸಿ ಆಲ್ಟಿಮೀಟರಿಗೆ ತೊಂದರೆ ಕೊಡುವಂತಿಲ್ಲ, ಆಲ್ಟಿಮೀಟರಿನಿಂದ ತನಗೆ ತೊಂದರೆಯಾದರೆ ರಕ್ಷಣೆ ಕೇಳುವಂತೆಯೂ ಇಲ್ಲ. ಹೊಸಬ ತಗ್ಗಿ ನಡೆಯಬೇಕು. ಇದು ಸಾಧ್ಯವಾಗುವುದು ಹೇಗೆಂದರೆ, ಹೆಚ್ಚಿನ ಆಲ್ಟಿಮೀಟರುಗಳು ಒಂದೇ ಸ್ವರದಲ್ಲಿ ನಿಲ್ಲುವುದಿಲ್ಲ. ಕೆಳಗಿನ ಸ್ವರದಿಂದ ಮೇಲಿನ ಸ್ವರಕ್ಕೆ ಸರ್ರನೆ ಜಾರುತ್ತ ಹೋಗಿ ಮತ್ತೆ ಕೆಳಗಿಳಿಯುತ್ತವೆ, ಸೆಕೆಂಡಿಗೆ ಎಷ್ಟೋ ಸಲ. ಸಂಗೀತ ಗೊತ್ತಿದ್ದವರಿಗೆ ಜಾರು ಎಂದರೆ ಕೂಡಲೇ ಅರ್ಥವಾಗುತ್ತದೆ. ಆ ಜಾರು ಡಬ್ಲ್ಯೂಎಐಸಿ ಕುಳಿತ ಸಣ್ಣ ಪಟ್ಟಿಯನ್ನು ಹಾದುಹೋಗುವುದು ಕಣ್ಣು ಮಿಟುಕಿಸುವುದಕ್ಕಿಂತ ಬಹಳ ಕಡಿಮೆ ಹೊತ್ತು. ಅಷ್ಟರಲ್ಲಿ ಕೆಟ್ಟ ಸಂದೇಶವನ್ನು ಮತ್ತೆ ಕಳಿಸಿದರೆ ಆಯಿತು. ಅತ್ತ ಆಲ್ಟಿಮೀಟರಿನ ಆಂಟೆನಾ ಹೊಟ್ಟೆಯ ಕೆಳಗೆ ನೆಲದತ್ತ ಮುಖಮಾಡಿದೆ, ಸೆನ್ಸರುಗಳು ಬಹುಪಾಲು ಲೋಹದ ಚರ್ಮದ ಒಳಗಿವೆ, ಹಾಗಾಗಿ ಇವುಗಳ ಮಾತು ಅದರ ಕಿವಿಗೆ ಹೆಚ್ಚು ಬೀಳುವುದಿಲ್ಲ.

ನೆರೆಮನೆಯ, ಅಂದರೆ ಪಕ್ಕದ ತರಂಗಾಂತರದ, ಗಲಾಟೆ ನಿಮಗೆ ನೆನಪಿರಬಹುದು. 2022ರ ಜನವರಿ 19ರಂದು ಅಮೆರಿಕದಲ್ಲಿ 3,700 ಮೆಗಾಹರ್ಟ್ಸ್‌ನಿಂದ ಮೇಲಿನ 5ಜಿ ಸೇವೆ ಶುರುವಾದಾಗ ಆಲ್ಟಿಮೀಟರಿನ ಭಯಕ್ಕೆ ಏರ್ ಇಂಡಿಯಾ ಅಲ್ಲಿಗೆ ಹೋಗುವ ಕೆಲವು ವಿಮಾನಗಳನ್ನೇ ರದ್ದುಮಾಡಿತ್ತು. ನಮ್ಮಲ್ಲಿ ಆ ಪಟ್ಟಿ 3,670ಕ್ಕೆ ಮುಗಿಯುತ್ತದೆ, ನಡುವೆ ಹೆಚ್ಚು ಅಂತರವಿದೆ. ಆದರೂ 2022ರ ನವೆಂಬರಿನಲ್ಲಿ ದೂರಸಂಪರ್ಕ ಇಲಾಖೆ ರನ್‌ವೇಯ ಎರಡೂ ತುದಿಗಳಿಂದ 2,100 ಮೀಟರ್, ನಡುಗೆರೆಯಿಂದ 910 ಮೀಟರ್ ಒಳಗೆ ಆ ಪಟ್ಟಿಯ 5ಜಿ ಗೋಪುರ ಬೇಡ ಎಂದು ಕಂಪನಿಗಳಿಗೆ ಸೂಚಿಸಿತು. ಫ್ಲೈಟ್ ಮೋಡ್ ಬಗ್ಗೆ ಕೇಳುವವರಿಗೆ ನಾನು ಈ ಪ್ರಸಂಗವನ್ನೇ ಹೇಳುತ್ತೇನೆ.

ಇನ್ನು ಕೆಲಸದ ಕಷ್ಟಗಳು. ವಿಮಾನದ ಒಳಗು ಲೋಹದ ಕೊಳವೆ. 4.3 ಗಿಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 7 ಸೆಂಟಿಮೀಟರ್, ಅಂಗೈ ಅಗಲ. ಗೋಡೆಗೆ, ನೆಲಕ್ಕೆ, ಸೀಟಿನ ಕಾಲಿಗೆ ಬಡಿದು ಬಂದ ಅಲೆಗಳು ಒಂದು ಕಡೆ ಕೂಡಿಕೊಂಡು ಬಲವಾಗುತ್ತವೆ. ಅಲ್ಲಿಂದ ಎರಡು ಬೆರಳು ಆಚೆಗೆ ಒಂದನ್ನೊಂದು ಅಳಿಸಿ ಸಿಗ್ನಲ್ ಸತ್ತೇ ಹೋಗಬಹುದು. ಸೆನ್ಸರನ್ನು ಸರಿಯಾದ ಜಾಗದಲ್ಲಿ ಕೂರಿಸಿದರೂ ಊಟದ ಟ್ರಾಲಿ ಬಂದು ನಿಂತರೆ ಲೆಕ್ಕವೇ ಬದಲು. ಮನುಷ್ಯನ ದೇಹ ಬಹುಪಾಲು ನೀರು, ಅಲೆಯನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಖಾಲಿ ವಿಮಾನದ ಅಳತೆ ತುಂಬಿದ ವಿಮಾನಕ್ಕೆ ಬಾರದು. 2012ರಲ್ಲಿ ಬೋಯಿಂಗ್‌ನವರು ವಿಮಾನದೊಳಗಿನ ವೈಫೈ ಅಳೆಯಲು ಜನರ ಬದಲು ಸೀಟುಗಳ ಮೇಲೆ ಆಲೂಗಡ್ಡೆ ಮೂಟೆಗಳನ್ನು ಕೂರಿಸಿದ್ದರು, ಸುಮಾರು ಒಂಬತ್ತು ಟನ್. ಆಲೂಗಡ್ಡೆಯ ನೀರಿನಂಶ, ಅಲೆಯೊಡನೆ ಅದು ನಡೆದುಕೊಳ್ಳುವ ರೀತಿ ನಮ್ಮ ದೇಹಕ್ಕೆ ಹತ್ತಿರ. ದಿನಗಟ್ಟಲೆ ಅಲುಗಾಡದೆ ಕೂರುವ ಪ್ರಯಾಣಿಕರು ಬೇರೆಲ್ಲಿ ಸಿಗುತ್ತಾರೆ?

ಸೆನ್ಸರಿನ ಹೊಟ್ಟೆಗೆ ಏನು ಹಾಕುವುದು ಎಂಬುದು ನನ್ನ ಲೆಕ್ಕದಲ್ಲಿ ಅಲೆಗಿಂತ ಗಟ್ಟಿ ಸಮಸ್ಯೆ. ಸಿಗ್ನಲ್ ತಂತಿ ತೆಗೆದು ವಿದ್ಯುತ್ ತಂತಿ ಉಳಿಸಿದರೆ ಬಂದ ಲಾಭವೇನು? ಬ್ಯಾಟರಿ ಹಾಕಿದರೆ ಮೇಲಿನ ಮೈನಸ್ 50 ಡಿಗ್ರಿ ಚಳಿಯಲ್ಲಿ ಅದು ಮಂಕಾಗುತ್ತದೆ. ಸಾವಿರ ಸೆನ್ಸರುಗಳ ಬ್ಯಾಟರಿಯನ್ನು ಸರದಿಯಂತೆ ಬದಲಾಯಿಸಬೇಕಾದರೆ ತಂತಿ ಹುಡುಕುವ ರಾತ್ರಿಗಳ ಬದಲು ಬ್ಯಾಟರಿ ಬದಲಿಸುವ ರಾತ್ರಿಗಳು ಬರುತ್ತವೆ. ಆದ್ದರಿಂದ ಸುತ್ತಲಿನ ಅದುರುವಿಕೆ, ಶಾಖಗಳಿಂದಲೇ ವಿದ್ಯುತ್ ಹೆಕ್ಕುವ ಪ್ರಯತ್ನಗಳು ನಡೆದಿವೆ. ನನಗೆ ಇಷ್ಟವಾದದ್ದು ನೀರಿನ ಡಬ್ಬಿಯ ಉಪಾಯ. ವಿಮಾನದ ಚರ್ಮಕ್ಕೆ ಅಂಟಿಸಿದ ಪುಟ್ಟ ಡಬ್ಬಿಯಲ್ಲಿ ಒಂದಿಷ್ಟು ನೀರು, ನಡುವೆ ಶಾಖದ ವ್ಯತ್ಯಾಸದಿಂದ ವಿದ್ಯುತ್ ಹುಟ್ಟಿಸುವ ಬಿಲ್ಲೆ. ವಿಮಾನ ಮೇಲೇರಿದಾಗ ಚರ್ಮ ಥಟ್ಟನೆ ತಣ್ಣಗಾಗುತ್ತದೆ, ನೀರು ಮಾತ್ರ ನಿಧಾನವಾಗಿ ಹೆಪ್ಪುಗಟ್ಟುತ್ತದೆ. ಇಳಿಯುವಾಗ ಚರ್ಮ ಬೆಚ್ಚಗಾದರೂ ಮಂಜುಗಡ್ಡೆ ಕರಗಲು ಹೊತ್ತು ಹಿಡಿಯುತ್ತದೆ. ಎರಡೂ ಸಲ ವ್ಯತ್ಯಾಸ ಸಿಗುತ್ತದೆ, ಎರಡೂ ಸಲ ಒಂದಿಷ್ಟು ವಿದ್ಯುತ್. ಆಗೊಮ್ಮೆ ಈಗೊಮ್ಮೆ ಎಚ್ಚರಗೊಂಡು ಒಂದು ಅಂಕಿ ಹೇಳಿ ಮತ್ತೆ ಮಲಗುವ ಸೆನ್ಸರಿಗೆ ಅಷ್ಟು ಸಾಕು.

ಯಾರಾದರೂ ಸಿಗ್ನಲ್ ಕೆಡಿಸಿದರೆ? ಇದಕ್ಕೆ ಮುಚ್ಚುಮರೆಯಿಲ್ಲದ ಉತ್ತರ ಕೊಡಬೇಕು. ಸುಳ್ಳು ಸಂದೇಶ ತುರುಕುವುದನ್ನು ಗೂಢಲಿಪಿ ಮತ್ತು ಗುರುತಿನ ಪರೀಕ್ಷೆಯಿಂದ ತಡೆಯಬಹುದು. ಆದರೆ ಜೋರಾಗಿ ಗದ್ದಲ ಮಾಡಿ ಮಾತು ಕೇಳದಂತೆ ಮಾಡುವ ಜಾಮರನ್ನು ಪೂರ್ತಿಯಾಗಿ ತಡೆಯುವ ಉಪಾಯ ಯಾವ ರೇಡಿಯೊಗೂ ಇಲ್ಲ. ತರಂಗಾಂತರ ಬದಲಿಸುತ್ತ ನುಸುಳಬಹುದು, ಅದಕ್ಕೂ ಮಿತಿಯಿದೆ. ಹಾಗಾಗಿ ಉತ್ತರ ವಿನ್ಯಾಸದಲ್ಲೇ ಇರಬೇಕು. ಕೆಟ್ಟರೆ ವಿಮಾನವೇ ಬೀಳಬಹುದಾದ ವ್ಯವಸ್ಥೆ ನೂರು ಕೋಟಿ ಹಾರಾಟ ಗಂಟೆಗಳಿಗೆ ಒಮ್ಮೆಗಿಂತಲೂ ಅಪರೂಪಕ್ಕೆ ಕೆಡಬೇಕು ಎಂಬುದು ದೊಡ್ಡ ವಿಮಾನಗಳ ವಿನ್ಯಾಸದ ಅಳತೆಗೋಲು. ಬರೀ ರೇಡಿಯೊ ಮೇಲೆ ನಿಂತು ಆ ಅಳತೆ ಮುಟ್ಟುತ್ತೇನೆ ಎನ್ನುವವರನ್ನು ನಾನು ನಂಬುವುದಿಲ್ಲ. 2008ರಲ್ಲಿ ಗಲ್ಫ್‌ಸ್ಟ್ರೀಮ್ ಕಂಪನಿ ಹಾರುತ್ತಿದ್ದ ಒಂದು ಜೆಟ್‌ನಲ್ಲಿ ಸ್ಪಾಯ್ಲರ್ ಫಲಕವನ್ನು (ರೆಕ್ಕೆಯ ಮೇಲೆ ಎದ್ದು ಎತ್ತುವ ಬಲವನ್ನು ತಗ್ಗಿಸುವ ಹಲಗೆ) ವೈರ್‌ಲೆಸ್ ಆಜ್ಞೆಯಿಂದ ಅಲ್ಲಾಡಿಸಿ ತೋರಿಸಿತು. ಆಗುತ್ತದೆ ಎಂಬುದು ಅಂದೇ ಗೊತ್ತಾಯಿತು. ಆದರೂ ಇಂದಿಗೂ ಯಾವ ಪ್ರಯಾಣಿಕ ವಿಮಾನದ ಮುಖ್ಯ ನಿಯಂತ್ರಣವೂ ವೈರ್‌ಲೆಸ್ ಮೇಲೆ ನಡೆಯುತ್ತಿಲ್ಲ, ಅದು ಸರಿಯಾದ ತೀರ್ಮಾನ. ಸೆನ್ಸರು ಮೌನವಾದರೆ ಅದನ್ನು ಸೆನ್ಸರು ಕೆಟ್ಟಿದೆ ಎಂದೇ ಓದಬೇಕು, ಎಲ್ಲ ಸರಿಯಿದೆ ಎಂದಲ್ಲ.

ಮೊದಲು ಎಲ್ಲಿಗೆ ಬರುತ್ತದೆ ಎಂದು ಕೇಳಿದರೆ, ತಂತಿ ಹೋಗಲು ಒದ್ದಾಡುವ ಕಡೆಗೆ. ತಿರುಗುವ ಚಕ್ರವನ್ನೇ ನೋಡಿ. ಟೈರಿನ ಗಾಳಿ ಎಷ್ಟಿದೆ ಎಂಬ ಅಂಕಿ ತಿರುಗುವ ಭಾಗದಿಂದ ತಿರುಗದ ಭಾಗಕ್ಕೆ ದಾಟಬೇಕು. ಅದಕ್ಕೆ ಅಚ್ಚಿನೊಳಗೆ ಮುಟ್ಟದೆಯೇ ವಿದ್ಯುತ್ ದಾಟಿಸುವ ಸುರುಳಿಗಳನ್ನು ಕೂರಿಸುತ್ತಾರೆ, ಅವಕ್ಕೆ ಮತ್ತೆ ತಂತಿ. ಟೈರು ಕಂಪನಿ ಮಿಶಲಿನ್ ಮತ್ತು ವಿಮಾನದ ಭಾಗಗಳನ್ನು ಮಾಡುವ ಸಫ್ರಾನ್ ಸೇರಿ ತಯಾರಿಸಿದ ಸೆನ್ಸರಿನ ಮಾತನ್ನು ನೆಲದ ಸಿಬ್ಬಂದಿ ಕೈಯಲ್ಲಿ ಹಿಡಿದ ಉಪಕರಣದಿಂದಲೇ, ಗೇಜು ಹಚ್ಚದೆ, ಓದಬಹುದು. ಹೆಲಿಕಾಪ್ಟರಿನ ರೋಟರ್ ಇನ್ನೊಂದು. ಬ್ಲೇಡಿನ ಮೇಲೆ ಬೀಳುವ ಒತ್ತಡವನ್ನು ಅಳೆದು ಕೆಳಗೆ ತರಲು ಸ್ಲಿಪ್ ರಿಂಗ್ ಎಂಬ ಉಜ್ಜುವ ಬಳೆಗಳನ್ನು ಬಳಸುತ್ತಾರೆ, ಅವು ಸವೆಯುತ್ತವೆ. ಹೆಲಿಕಾಪ್ಟರುಗಳನ್ನು ಕಟ್ಟುವ ಊರು ಬೆಂಗಳೂರು, ಇಲ್ಲಿನ ಎಂಜಿನಿಯರುಗಳಿಗೆ ಈ ಕಷ್ಟವನ್ನು ವಿವರಿಸಬೇಕಾಗಿಯೇ ಇಲ್ಲ. ಹೊಗೆ ಪತ್ತೆ, ಬಾಗಿಲ ಸೆನ್ಸರು, ಬ್ರೇಕಿನ ಬಿಸಿ, ಮೈಯ ಬಿರುಕು ಕಾಯುವ ಸೆನ್ಸರುಗಳು ಆಮೇಲಿನ ಸಾಲು.

ಈಗ ಅಕ್ಕನ ವಿಷಯ. ವೈರ್‌ಲೆಸ್ ಬಂದಮೇಲೂ ಸೆನ್ಸರುಗಳ ಮಾತನ್ನು ಕೇಳಿಸಿಕೊಳ್ಳುವ ಪೆಟ್ಟಿಗೆಗಳು ಅಲ್ಲಲ್ಲಿ ಇರುತ್ತವೆ. ಆ ಪೆಟ್ಟಿಗೆಯಿಂದ ಮುಖ್ಯ ಕಂಪ್ಯೂಟರಿಗೆ ತಂತಿಯೇ, ಪೆಟ್ಟಿಗೆಗೆ ಕರೆಂಟೂ ತಂತಿಯಲ್ಲೇ. ತಂತಿಯ ಸಂಖ್ಯೆ ಇಳಿಯಬಹುದು, ಉಳಿದ ಒಂದೊಂದರ ಹೊಣೆ ಮಾತ್ರ ಏರುತ್ತದೆ. ಅಕ್ಕ ಬೋರ್ಡಿನ ಮೇಲೆ ಹಾರ್ನೆಸ್ ಹಾಸಿ, ಲೇಸಿಂಗ್ ಟೇಪಿನಿಂದ ಗಂಟು ಹಾಕಿ, ತಂತಿಯ ತುದಿಗೆ ಪಿನ್ ಕ್ರಿಂಪ್ ಮಾಡುವಾಗ, ಅಂದರೆ ಅದುಮಿ ಬಿಗಿಯುವಾಗ, ಪಿನ್ನಿನ ಪುಟ್ಟ ಕಿಂಡಿಯಲ್ಲಿ ತಾಮ್ರದ ಎಳೆಗಳು ಕಾಣುತ್ತಿವೆಯೇ ಎಂದು ಇಣುಕಿ ನೋಡುತ್ತಾಳಲ್ಲ, ಆ ನೋಟಕ್ಕೆ ಬದಲಿ ಬಂದಿಲ್ಲ. ನಾನು ಬಿಚ್ಚಿ ನೋಡಿದ ನೂರಾರು ಕನೆಕ್ಟರುಗಳಲ್ಲಿ ಚೆನ್ನಾಗಿ ಕ್ರಿಂಪ್ ಆದ ಪಿನ್ ಸಡಿಲವಾದದ್ದನ್ನು ಕಂಡದ್ದು ಬಹಳ ಅಪರೂಪ. ಹಾರ್ನೆಸ್ ಕೆಲಸದ ಗುಣಮಟ್ಟಕ್ಕೆ ಐಪಿಸಿ ಎ-620 ಎಂಬ ಮಾನದಂಡವಿದೆ. ಅದರ ತರಬೇತಿ, ಪ್ರಮಾಣಪತ್ರ ಪಡೆದಿಲ್ಲದಿದ್ದರೆ ಪಡೆಯಲು ಹೇಳಿ. ಜೊತೆಗೆ ಆಂಟೆನಾಗೆ ಹೋಗುವ ಕೋಆಕ್ಸಿಯಲ್ ಕೇಬಲ್ ಮತ್ತು ಆಪ್ಟಿಕಲ್ ಫೈಬರಿನ ತುದಿ ಕಟ್ಟುವುದನ್ನು ಕಲಿತರೆ, ಮುಂದಿನ ಇಪ್ಪತ್ತು ವರ್ಷ ಕೆಲಸ ಅವಳನ್ನೇ ಹುಡುಕಿಕೊಂಡು ಬರುತ್ತದೆ.

ನಿಮಗೆ ಕೊನೆಯ ವರ್ಷದ ಪ್ರಾಜೆಕ್ಟ್ ಇದೆಯಲ್ಲ. 2.4 ಗಿಗಾಹರ್ಟ್ಸ್‌ನ ಎರಡು ಅಗ್ಗದ ರೇಡಿಯೊ ಮಾಡ್ಯೂಲುಗಳನ್ನು ತಂದು ಮನೆಯ ಕಬ್ಬಿಣದ ಬೀರುವಿನೊಳಗೆ ಇಡಿ. ಒಂದನ್ನು ಮೂಲೆಯಲ್ಲಿ ಅಂಟಿಸಿ, ಇನ್ನೊಂದನ್ನು ಒಂದು ಸಲಕ್ಕೆ ಒಂದು ಸೆಂಟಿಮೀಟರಿನಷ್ಟು ಸರಿಸಿ ಬಾಗಿಲು ಮುಚ್ಚಿ ಸಿಗ್ನಲಿನ ಬಲವನ್ನು ಬರೆದುಕೊಳ್ಳಿ. ಅಲ್ಲಿ ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರ್, ಹಾಗಾಗಿ ಮೂರು ಸೆಂಟಿಮೀಟರ್ ಸರಿಸುವಷ್ಟರಲ್ಲೇ ಏರಿಳಿತ ಕಾಣತೊಡಗುತ್ತದೆ. ಐವತ್ತು ಅಂಕಿ ಸಿಕ್ಕಿದ ಮೇಲೆ ಗ್ರಾಫ್ ಎಳೆಯಿರಿ. ನಂತರ ಸಂತೆಯಿಂದ ಹತ್ತು ಕಿಲೋ ಆಲೂಗಡ್ಡೆ ತಂದು ನಡುವಿನ ಅರೆಯಲ್ಲಿಟ್ಟು, ಅದೇ ಐವತ್ತು ಜಾಗಗಳಲ್ಲಿ ಮತ್ತೆ ಅಳೆಯಿರಿ. ಎರಡು ಗ್ರಾಫುಗಳನ್ನೂ ನನಗೆ ಕಳಿಸಿ, ನೋಡಿ ಬರೆಯುತ್ತೇನೆ.